ಕೊಂಡವರು ಕಡೆಗೆ

ಪುಸ್ತಕ ಯಾರು ಕೊಂಡರೋ ಅವರು ಕಡೆಗೆ ಓದಬೇಕು. ಇದು ಕುಮಟೆಯ ಅಕ್ಕೋರು ಮಾಡಿದ ಮೊದಲನೆಯ ಕಾಯ್ದೆ. "ಬಡಿಸಿದವ್ರು ಕಡೆಗೆ ಉಣ್ಣೂದಲ್ದಾ? ಇದೂ ಹಾಂಗೇ" ಎಂದಿದ್ದರು. ಎರಡನೆಯದು, ಮೂವರೂ ಓದಿ ಮುಗಿಸುವ ತನಕ ಕಥೆಯ ಕೊನೆಯ ಬಗ್ಗೆ ಯಾರೂ ಬಾಯಿ ಬಿಡಕೂಡದು. ಮೂರನೆಯದು ಸಣ್ಣದು. ಓದಿ ಮುಗಿಸಿದವರು ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ತಮ್ಮ ಊರಿನ ಹೆಸರು ಬರೆಯಬೇಕು. ಭಟ್ಕಳ, ಹೊನ್ನಾವರ, ಕುಮಟೆ. ನಾವು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೂ ಹೆಚ್ಚಾಗಿ ಹಾಗೆಯೇ. ಅಕ್ಕೋರನ್ನು ಮಾತ್ರ, ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವಂತೆ, ಅಕ್ಕೋರೇ ಎನ್ನುತ್ತಿದ್ದೆವು. ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಶಾಲೆಯಲ್ಲಿ ಕಲಿಸಿದವರನ್ನು ಊರಿನ ಹೆಸರಿನಿಂದ ಕರೆಯಲು ನಮಗೆ ನಾಲಿಗೆ ಬರಲಿಲ್ಲ.

ನಾವು ಮೂವರು ಕೂಡಿದ್ದು ಒಂದು ಪುಸ್ತಕದ ಮೇಜಿನ ಎದುರು. ಕುಮಟೆಯ ಬಸ್ ಸ್ಟ್ಯಾಂಡಿಗೆ ಹತ್ತಿರದ ಸಭಾಭವನವೊಂದರಲ್ಲಿ ಪುಸ್ತಕ ಮಾರಾಟಕ್ಕೆ ಇಟ್ಟಿದ್ದರು. ನಾನು ಮದುವೆಯೊಂದಕ್ಕೆ ಬಂದವಳು, ಹೊನ್ನಾವರದ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಒಳಗೆ ಹೋಗಿದ್ದೆ. ಭಟ್ಕಳದವಳು ತನ್ನ ಹೊಲಿಗೆಗೆ ಲೈನಿಂಗ್ ಬಟ್ಟೆ ಕೊಳ್ಳಲು ಬಂದಿದ್ದಳು. ಒಂದು ಕಥಾಸಂಕಲನ ಮೂವರಿಗೂ ಬೇಕಾಗಿತ್ತು, ಮೇಜಿನ ಮೇಲೆ ಉಳಿದದ್ದು ಒಂದೇ ಪ್ರತಿ. ಅಂಗಡಿಯವನು ಇನ್ನೆರಡು ತರಿಸಿಕೊಡುತ್ತೇನೆ ಎಂದ. ಅಕ್ಕೋರು, "ಎಂತಕ್ಕೆ? ಮೂರು ಮನೆಲಿ ಧೂಳು ಕುಡೂಲಿಕ್ಕಾ? ಒಂದು ಸಾಕು, ತಿರುಗ್ಲಿ ಅದು" ಎಂದು ಚೀಲದ ಬಾಯಿ ಬಿಚ್ಚಿದರು. ಗುರುತಿಲ್ಲದ ಇಬ್ಬರು ಹೆಂಗಸರ ವಿಳಾಸವನ್ನು ಅಲ್ಲೇ ನಿಂತು, ಹಾಜರಿ ತೆಗೆದುಕೊಳ್ಳುವವರ ಹಾಗೆ, ಒಂದು ಹಳೆಯ ಡೈರಿಯಲ್ಲಿ ಬರೆದುಕೊಂಡರು.

ಹೊನ್ನಾವರ ನಡುವೆ ಇರುವುದರಿಂದ ತಿಂಗಳಿಗೊಮ್ಮೆ, ಎರಡನೆಯ ಶನಿವಾರ, ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು. ಒಬ್ಬರು ಉತ್ತರದಿಂದ, ಒಬ್ಬರು ದಕ್ಷಿಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಬಾಳೆಹಣ್ಣಿನ ಬನ್ಸ್ ಕರಿದಿಡುತ್ತಿದ್ದೆ. ಎಣ್ಣೆಯ ಕೈ ಪುಸ್ತಕಕ್ಕೆ ತಾಗಬಾರದೆಂದು ಬಾಗಿಲ ಹತ್ತಿರವೇ ಸೋಪು, ಟವೆಲ್. ನಾನು ಓದಿದ್ದು ಕಾನ್ವೆಂಟಿನಲ್ಲಿ. ಲೈಬ್ರರಿ ಪೀರಿಯಡ್ಡಿಗೆ ಮುಂಚೆ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಂಗೈ ನೋಡುತ್ತಿದ್ದರು. ಹೊಸ ಪುಸ್ತಕವನ್ನು ಒಮ್ಮೆಗೇ ನಡುವೆ ತೆರೆಯಬಾರದು, ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆ ಮಡಿಸಿ ಮೆಲ್ಲಗೆ ಒತ್ತುತ್ತ ಬರಬೇಕು, ಆಗ ಬೆನ್ನು ಸೀಳುವುದಿಲ್ಲ ಎಂದು ಕಲಿಸಿದವರೂ ಅವರೇ. ಪ್ರತಿಯೊಂದು ಪುಸ್ತಕಕ್ಕೂ ನಾನು ಖಾಕಿ ಕಾಗದದ ಹೊದಿಕೆ ಹಾಕುತ್ತಿದ್ದೆ.

"ಪುಸ್ತಕಕ್ಕೂ ಯೂನಿಫಾರ್ಮ್ ಹಾಕ್ತದೆ ಇದು," ಎಂದು ಅಕ್ಕೋರು ನನ್ನ ಕಡೆ ಬೆರಳು ಮಾಡುತ್ತಿದ್ದರು. "ಇನ್ನು ಟೈ ಒಂದು ಬಾಕಿ."

ಭಟ್ಕಳದವಳದು ಮನೆಯಲ್ಲಿ ಅಲ್ಲಿಯ ಮುಸಲ್ಮಾನರ ನವಾಯತಿ ಮಾತು, ಓದಿದ್ದು ಕನ್ನಡ ಶಾಲೆಯಲ್ಲಿ. ಅವಳ ಕನ್ನಡ ಪುಸ್ತಕದ ಕನ್ನಡ, ಸಣ್ಣ ಹೊಲಿಗೆ ಹಾಕಿದ ಹಾಗೆ. ಹೊಲಿಗೆ ಮಿಶನ್ನಿನ ಪಕ್ಕದ ಸ್ಟೂಲಿನ ಮೇಲೆ ಪುಸ್ತಕ ತೆರೆದಿಟ್ಟು, ಪುಟ ಮಗುಚದಂತೆ ಕತ್ತರಿ ಅಡ್ಡ ಇಟ್ಟು ಓದುತ್ತಿದ್ದಳು. ವೇಗವೆಂದರೆ ವೇಗ.

"ಹಿಂದಿನ ರಟ್ಟಿನ ಮೇಲೆ ಬರೆಯುವುದೆಲ್ಲ ಸುಳ್ಳು," ಎಂದಳು ಒಂದು ಸಲ. "ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ ಅಂತ ಇತ್ತು. ನನಗೆ ನಡುವೆ ಎರಡು ಸಲ ನಿದ್ದೆ ಬಂತು."

"ನಿದ್ದೆಲೂ ಉಸಿರಾಡ್ತಾ ಇದ್ದೆ ಅಲ್ದಾ? ಹಾಗಾರೆ ಸರಿ ಆತು."

"ನನಗಾದರೂ ನಿದ್ದೆ ಬಂತು ಅಕ್ಕೋರೇ. ಈ ಹೊನ್ನಾವರ ಒಂದು ಪುಸ್ತಕ ಮುಗಿಸುವಷ್ಟರಲ್ಲಿ ನಾನು ಒಂದು ಮದುವೆಮನೆಯ ಬಟ್ಟೆ ಪೂರ್ತಿ ಹೊಲಿದಿರುತ್ತೇನೆ. ಆ ಹುಡುಗಿ ತವರಿಗೆ ಬಾಣಂತನಕ್ಕೂ ಬಂದಿರುತ್ತಾಳೆ."

ನಾನು ನಿಧಾನ, ಅದು ನಿಜ. ಚೆನ್ನಾಗಿರುವ ಪುಸ್ತಕವಾದರಂತೂ ಇನ್ನೂ ನಿಧಾನ. ಮುಗಿದು ಹೋಗುತ್ತದಲ್ಲ ಎಂದು ದಿನಕ್ಕೆ ಮೂರೋ ನಾಲ್ಕೋ ಪುಟ. ಮಧ್ಯಾಹ್ನ ಪಾತ್ರೆ ಒಣಗಲು ಹಾಕಿ, ಕೈ ಒರೆಸಿ, ಅಡಿಗೆಮನೆಯ ಕಿಟಕಿಯ ಬೆಳಕಿನಲ್ಲಿ.

ಹೋದ ವರ್ಷ ಅಕ್ಕೋರು ಆ ದಪ್ಪ ಕಾದಂಬರಿಯನ್ನು ತಂದರು. ಎರಡು ಮನೆಗಳ ನಡುವೆ ಒಂದೇ ಬಾವಿ. ಈಚೆ ಮನೆಯಲ್ಲಿ ಅಕ್ಕ, ಆಚೆ ಮನೆಯಲ್ಲಿ ತಂಗಿ. ವರ್ಷಾನುಗಟ್ಟಲೆ ಮಾತಿಲ್ಲ. ದಿನಾ ಇಬ್ಬರೂ ಅದೇ ಬಾವಿಗೆ ಬರುತ್ತಾರೆ, ಒಬ್ಬಳ ಕೊಡ ಮೇಲೆ ಬರುವ ತನಕ ಇನ್ನೊಬ್ಬಳು ಬೆನ್ನು ಹಾಕಿ ನಿಲ್ಲುತ್ತಾಳೆ. ಹಿಂದಿನ ರಟ್ಟಿನ ಮೇಲೆ ಇಷ್ಟಿತ್ತು. ಅಕ್ಕೋರು ಅದನ್ನು ನಮಗೆ ಓದಿ ಹೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

ಅವರಿಗೂ ಒಬ್ಬ ತಂಗಿ ಇದ್ದಾಳೆ, ಕತಗಾಲದಲ್ಲಿ, ಎಂದು ಆ ದಿನ ನಮಗೆ ಗೊತ್ತಾಯಿತು. ಅಷ್ಟು ವರ್ಷದ ಗುರುತಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅಕ್ಕೋರು ಮದುವೆಯಾಗದೆ ಉಳಿದವರು. ತಾಯಿ ತೀರಿಕೊಂಡ ದಿನ, ನೆಂಟರೆಲ್ಲ ಇರುವಾಗ, ತಂಗಿ ಅವರಿಗೆ, ನಿನಗೆ ಗಂಡನೇ, ಮಕ್ಕಳೇ, ಒಬ್ಬಳೇ ಇದ್ದವಳು ಬಂದು ನೋಡಿಕೊಳ್ಳಬಹುದಿತ್ತಲ್ಲ ಎಂದುಬಿಟ್ಟಳಂತೆ. ಶಾಲೆಗೆ ರಜೆ ಹಾಕಿ ಹಾಕಿ, ವಾರ ಬಿಟ್ಟು ವಾರ ಬಸ್ಸು ಹತ್ತಿದವರು ಇವರು. ಅಲ್ಲಿಂದ ಬಂದವರು ಮತ್ತೆ ಮಾತಾಡಿಲ್ಲ. ಹನ್ನೊಂದು ವರ್ಷ.

"ಒಂದು ಫೋನ್ ಮಾಡಿ," ಎಂದಳು ಭಟ್ಕಳದವಳು.

"ಫೋನ್ ಮಾಡಿ ಎಂತ ಹೇಳೂದು? ಮಾತು ಹ್ಯಾಂಗೆ ಶುರು ಮಾಡೂದು ಹೇಳೇ ಗೊತ್ತಿಲ್ಲ ನಂಗೆ." ಬನ್ಸಿನ ತುಂಡನ್ನು ಚಟ್ನಿಗೆ ಅದ್ದಿ, ತಿನ್ನದೆ, ಹಾಗೇ ಹಿಡಿದುಕೊಂಡರು. "ನೋಡ್ವ. ಈ ಪುಸ್ತಕದ ಅಕ್ಕ ಮಾತಾಡಿದ್ರೆ ನಾನೂ ಮಾತಾಡ್ತೆ. ಆತಾ?"

ನಕ್ಕರು. ನಾವೂ ನಕ್ಕೆವು. ಆದರೆ ಅವರು ಆ ಪುಸ್ತಕವನ್ನು ಭಟ್ಕಳದವಳ ಕೈಗೆ ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದಿದ್ದರು. ಕೊಂಡವರು ಅವರು, ಓದುವ ಸರದಿ ಕಡೆಗೆ.

ಭಟ್ಕಳದವಳು ಎಂಟು ದಿನದಲ್ಲಿ ಮುಗಿಸಿದಳು. ನನ್ನ ಕೈಗೆ ಕೊಟ್ಟಾಗ ಅವಳ ಊರಿನ ಹೆಸರು ಕೊನೆಯ ಪುಟದ ಕೆಳಗೆ ಬಿದ್ದಿತ್ತು, ಕಥೆಯ ಸಾಲುಗಳನ್ನು ಹೆಬ್ಬೆರಳಿನಿಂದ ಮುಚ್ಚಿ ತೋರಿಸಿದಳು. ನಾನು ಖಾಕಿ ಹೊದಿಕೆ ಹಾಕಿ ಶುರು ಮಾಡಿದೆ. ಅಂಥ ಪುಸ್ತಕ ನಾನು ಓದಿರಲಿಲ್ಲ. ಬಾವಿಕಟ್ಟೆಯ ಮೇಲೆ ಹಗ್ಗ ಉಜ್ಜಿ ಬಿದ್ದ ಗೆರೆಗಳ ಬಗ್ಗೆಯೇ ಎರಡು ಪುಟ. ನನಗೆ ಬಿಡಲು ಮನಸ್ಸಿಲ್ಲ. ಒಂದು ತಿಂಗಳು ಆಯಿತು, ಎರಡಾಯಿತು. ಮಾವಿನ ಮಿಡಿ ಬಂತು, ಉಪ್ಪಿನಕಾಯಿ ಹಾಕಿದೆ. ಮಂಕಿಯಿಂದ ನಾದಿನಿ, ಅವಳ ಮಕ್ಕಳು ಬಂದು ಹದಿನೈದು ದಿನ ಇದ್ದರು. ಓದಿದ್ದನ್ನೇ ಹಿಂದೆ ಹೋಗಿ ಓದಿದೆ.

ಅಕ್ಕೋರು ಎರಡು ತಿಂಗಳು ನಮ್ಮ ಶನಿವಾರಕ್ಕೆ ಬರಲಿಲ್ಲ. ಹೊಟ್ಟೆ ಸರಿ ಇಲ್ಲ, ಬಸ್ಸಿನಲ್ಲಿ ಕೂರಲು ಆಗುವುದಿಲ್ಲ ಎಂದರು. ಫೋನು ಮಾತ್ರ ಮಾಡುತ್ತಿದ್ದರು.

"ಎಲ್ಲಿಗೆ ಬಂತು ಹೊನ್ನಾವರ?"

"ಅರ್ಧ ಆಯ್ತು ಅಕ್ಕೋರೇ."

"ಹೋದ ವಾರವೂ ಅರ್ಧವೇ ಇತ್ತಲೆ. ಮುಂದಿಂದ ಓದ್ತೆಯಾ ಹಿಂದಿಂದ ಓದ್ತೆಯಾ?"

ಹೀಗೆ ಮೂರು ಸಲವೋ ನಾಲ್ಕು ಸಲವೋ. ಬೇಗ ಕೊಡು ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಭಟ್ಕಳದವಳ ಫೋನು ಬಂತು. ಅವಳು ತಮಾಷೆಯ ಧ್ವನಿಯಲ್ಲಿ ಇರಲಿಲ್ಲ. "ಪುಸ್ತಕ ಮುಗಿಯಿತಾ? ಮುಗಿಯದಿದ್ದರೂ ತೆಗೆದುಕೊಂಡು ಹೋಗು. ಅಕ್ಕೋರನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದಾರೆ. ಅಲ್ಲಿಯವರು ಮನೆಗೆ ಕರೆದುಕೊಂಡು ಹೋಗಿ ಅಂದರಂತೆ. ಮನೆಗೆ ಅಂದರೆ ಅರ್ಥವಾಯಿತಲ್ಲ?"

ಮರುದಿನ ಬೆಳಗ್ಗೆ ಬಸ್ಸು ಹತ್ತಿದೆ. ಐವತ್ತು ಪುಟ ಬಾಕಿ ಇತ್ತು.

ಬಾಗಿಲು ತೆಗೆದದ್ದು ಪಕ್ಕದ ಮನೆಯ ಹೆಂಗಸು. ಅವರೇ ನೋಡಿಕೊಳ್ಳುತ್ತಿದ್ದರು. ಅಕ್ಕೋರು ಕಿಟಕಿಯ ಹತ್ತಿರ ಮಂಚದ ಮೇಲೆ ಮೂರು ದಿಂಬಿಗೆ ಒರಗಿದ್ದರು. ಬಳೆ ಮೊಣಕೈಯವರೆಗೂ ಜಾರುವಷ್ಟು ಕೈ ಸಣ್ಣಗಾಗಿತ್ತು. ಮಡಿಲಲ್ಲಿ ಮೊಬೈಲು, ಅದರ ಪಕ್ಕದಲ್ಲಿ ವಿಳಾಸ, ನಂಬರು ಬರೆದಿಡುವ ಆ ಹಳೆಯ ಡೈರಿ ತೆರೆದಿತ್ತು. ನಾನು ಪುಸ್ತಕ ಮುಂದೆ ಹಿಡಿದೆ.

"ಮುಗೀತಾ?"

"ಸ್ವಲ್ಪ ಇದೆ. ನೀವು ಮೊದಲು ಓದಿ ಅಕ್ಕೋರೇ, ನಾನು ಆಮೇಲೆ ಓದುತ್ತೇನೆ."

"ಬಡಿಸಿದವ್ರು ಕಡೆಗೆ," ಎಂದರು. "ಕುತ್ಕೋ ಅಲ್ಲಿ. ಇಲ್ಲೇ ಓದಿ ಮುಗ್ಸು. ಇಷ್ಟು ದಿನ ಕಾದವ್ಳಿಗೆ ಇದೆಂತ."

ಬೇಡವೆಂದರೂ ಕೇಳಲಿಲ್ಲ. ನಾನು ಕುರ್ಚಿ ಎಳೆದು ಕುಳಿತು ಅವರ ಎದುರೇ ಓದತೊಡಗಿದೆ. ಪರೀಕ್ಷೆಗೆ ಕುಳಿತ ಹಾಗೆ ಆಗುತ್ತಿತ್ತು. ನಾನು ಪುಸ್ತಕ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು. ನಡುವೆ ಒಮ್ಮೆ ತಲೆ ಎತ್ತಿದಾಗ, "ನೀನು ಅದನ್ನು ಓದು. ನಾನು ನಿನ್ನ ಓದ್ತೆ" ಎಂದರು. ಪಕ್ಕದ ಮನೆಯವರು ಚಹಾ ತಂದಿಟ್ಟರು. ಅದು ಕೆನೆ ಕಟ್ಟಿತು.

ಕೊನೆಯ ಅಧ್ಯಾಯದಲ್ಲಿ ತಂಗಿ ಬಾವಿಗೆ ಕೊಡ ಇಳಿಸುತ್ತಾಳೆ. ವಯಸ್ಸಾಗಿದೆ, ಎಳೆಯಲು ಕೈಲಾಗುವುದಿಲ್ಲ. ಹಗ್ಗ ಹಾಗೇ ಹಿಡಿದು ನಿಂತಿದ್ದಾಳೆ. ಆಚೆಯಿಂದ ಇನ್ನೆರಡು ಕೈ ಬಂದು ಹಗ್ಗ ಹಿಡಿಯುತ್ತವೆ. ಕೊಡ ಮೇಲೆ ಬರುತ್ತದೆ. ಅಕ್ಕ ಹೇಳುತ್ತಾಳೆ, ಹಗ್ಗ ಸವೆದಿದೆ, ಹೊಸದು ಹಾಕಬೇಕು. ಅಷ್ಟೇ. ಪುಸ್ತಕ ಮುಗಿಯುತ್ತದೆ.

ನನಗೆ ಅಳು ತಡೆಯಲಾಗಲಿಲ್ಲ. ಸಮಾಧಾನದ ಅಳು ಅದು. ಆದರೆ ಅಳುವ ಮುಖದ ಮೇಲೆ ಇದು ಯಾವ ಅಳು ಎಂದು ಬರೆದಿರುವುದಿಲ್ಲ. ಪುಟದ ಮೇಲೆ ಹನಿ ಬಿದ್ದು ಕಲೆಯಾಗಬಾರದೆಂದು ನಾನು ಮೊದಲು ಪುಸ್ತಕವನ್ನು ದೂರ ಹಿಡಿದೆ. ಆಮೇಲೆ ಕಣ್ಣು ಒರೆಸಿಕೊಂಡೆ.

"ಆತು," ಎಂದರು ಅಕ್ಕೋರು. "ಗೊತ್ತಾತು ಬಿಡು. ಮಾತಾಡೂದಿಲ್ಲ ಅವ್ರು."

ನಾನು ಬಾಯಿ ತೆರೆದೆ. ಅವರು ತರಗತಿಯಲ್ಲಿ ಗಲಾಟೆ ಮಾಡುವವರಿಗೆ ತೋರಿಸುವಂತೆ ಒಂದು ಬೆರಳು ಎತ್ತಿದರು. "ಹೇಳ್ಬೇಡ. ಕಾಯ್ದೆ ಕಾಯ್ದೆಯೇ. ಊರ ಹೆಸರು ಬರೆ."

ಬರೆದೆ. ಬರೆದು ತಲೆ ಎತ್ತುವಷ್ಟರಲ್ಲಿ ಅವರು ಡೈರಿ ಮುಚ್ಚಿ, ಮೊಬೈಲನ್ನು ದಿಂಬಿನ ಕೆಳಗೆ ಇಟ್ಟಿದ್ದರು.

ಆಗ ಹೇಳಬಹುದಿತ್ತು. ಎರಡು ಶಬ್ದ ಸಾಕಿತ್ತು. ನಾನು ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕಾಯ್ದೆಗೆ ಹೆದರಿ ಅಲ್ಲ. ಆ ಕೊನೆಯನ್ನು ಅವರು ತಾವಾಗಿ ತಲುಪಲಿ ಎಂಬ ಆಸೆ. ಹಗ್ಗ ಹಿಡಿಯುವ ಆ ಎರಡು ಕೈಗಳು ಅವರ ಕಣ್ಣೆದುರಿಗೂ, ನನಗೆ ಬಂದ ಹಾಗೆಯೇ, ತಟಕ್ಕನೆ ಬರಲಿ. ಓದುವವರ ಕೈಯಿಂದ ಅದನ್ನು ಕಸಿಯಬಾರದು ಎಂದುಕೊಂಡೆ. ಎದುರಿಗಿದ್ದವರನ್ನು ನಾನು ಓದುವವರು ಎಂದಷ್ಟೇ ನೋಡಿದೆ.

ಅವರಿಗೆ ಅಕ್ಷರ ಹಿಡಿಯುವುದು ಆಗಲೇ ಕಷ್ಟವಾಗಿತ್ತು. ಸಾಲು ಓಡುತ್ತದೆ ಎಂದರು. ಹಾಗಾಗಿ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ ಎಂದೆ. ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗಿ ಮೊದಲಿನಿಂದ ಓದಿದೆ. ಈ ಸಲ ನಾನು ನಿಧಾನ ಮಾಡಲಿಲ್ಲ. ಗಂಟಲು ಒಣಗುವ ತನಕ ಓದುತ್ತಿದ್ದೆ. ಆದರೆ ಅವರಿಗೆ ಅರ್ಧ ಗಂಟೆಗೇ ಆಯಾಸವಾಗುತ್ತಿತ್ತು. ಕಣ್ಣು ಮುಚ್ಚಿದರೆ ನಿದ್ದೆಯೋ ಕೇಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ನಾನು ನಿಲ್ಲಿಸಿದರೆ, "ಬೆನ್ನು ಹಾಕಿ ನಿಂತಳು, ಮುಂದೆ?" ಎನ್ನುತ್ತಿದ್ದರು.

ಒಂದು ದಿನ ಓದುವ ನಡುವೆ ಕೇಳಿದರು. "ಆ ತಂಗಿಗೆ ಅಕ್ಕನ ನೆನಪಾಗೂದಿಲ್ವಾ?"

"ಮುಂದೆ ಬರುತ್ತದೆ ಅಕ್ಕೋರೇ."

"ಮುಂದೆ ಬಂದು ಎಂತ ಮಾಡೂದು. ಕಡೆಗೆ ಮಾತಿಲ್ಲ ಅಲ್ದಾ," ಎಂದು ಕಿಟಕಿಯ ಕಡೆ ಮುಖ ಮಾಡಿದರು.

ಆಗಲೂ ನಾನು, ಇನ್ನು ಸ್ವಲ್ಪ ದಿನ, ಅಲ್ಲಿಗೆ ಬಂದೇ ಬರುತ್ತೇವೆ ಎಂದುಕೊಂಡೆ. ಇಪ್ಪತ್ತೆರಡು ಅಧ್ಯಾಯದ ಪುಸ್ತಕ. ಒಂಬತ್ತನೆಯದರ ನಡುವೆ ಬಸ್ ಟಿಕೆಟ್ ಇಟ್ಟು ಬಂದಿದ್ದೆ. ಸೋಮವಾರ ಹತ್ತು ಗಂಟೆಗೆ, ನಾನು ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿರುವಾಗ, ಪಕ್ಕದ ಮನೆಯವರ ಫೋನು ಬಂತು.

ತಂಗಿ ಬಂದದ್ದು ಆ ದಿನ ಮಧ್ಯಾಹ್ನ. ತಾವು ಇರುವ ತನಕ ತಂಗಿಗೆ ತಿಳಿಸಬೇಡಿ ಎಂದು ಅಕ್ಕೋರು ಪಕ್ಕದ ಮನೆಯವರಿಂದ ಭಾಷೆ ತೆಗೆದುಕೊಂಡಿದ್ದರಂತೆ. ಜನರ ನಡುವೆ ನಾನು ಆ ತಂಗಿಯೊಡನೆ ಮಾತಾಡಲಿಲ್ಲ. ಹದಿಮೂರನೆಯ ದಿನ ಕಳೆದು, ಅಕ್ಕೋರ ಪುಸ್ತಕಗಳನ್ನು ಏನು ಮಾಡುವುದೆಂದು ಕೇಳಲು ಅವರೇ ನನ್ನನ್ನು ಕರೆಸಿದರು. ಅದೇ ಮಂಚದ ಮೇಲೆ ಕುಳಿತಿದ್ದರು. ಅದೇ ಮೂಗು, ಮಾತಿಗೆ ಮುಂಚೆ ಕನ್ನಡಕ ಒರೆಸುವ ಅದೇ ರೀತಿ.

"ದಿನ ಬಿಟ್ಟು ದಿನ ಬತ್ತಿದ್ದಿ ಹೇಳಿ ಪಕ್ಕದ ಮನೆಯವು ಹೇಳಿದ. ಯನ್ನ ಬಗ್ಗೆ ಎಂತಾರೂ ಹೇಳಿತ್ತಾ ಅಕ್ಕ?"

ನಾನು ಆ ಕಾದಂಬರಿಯನ್ನು ತೋರಿಸಿದೆ. ಇದನ್ನು ಓದಿ ಹೇಳುತ್ತಿದ್ದೆ, ಅಕ್ಕತಂಗಿಯರ ಕಥೆ, ಮಾತು ಬಿಟ್ಟವರು ಎಂದೆ. ಅವರು ಖಾಕಿ ಹೊದಿಕೆಯ ಮೇಲೆ ಕೈಯಿಟ್ಟರು, ತೆರೆಯಲಿಲ್ಲ.

"ಕಡಿಗೆ ಮಾತಾಡ್ತ್ವಾ?"

"ಮಾತಾಡುತ್ತಾರೆ," ಎಂದೆ. ಹಗ್ಗದ ಮಾತನ್ನೂ ಹೇಳಿದೆ. ಯಾವ ಕಷ್ಟವೂ ಆಗಲಿಲ್ಲ, ಅಷ್ಟು ಸುಲಭವಾಗಿ ಬಾಯಿಂದ ಬಂತು.

ಅವರು ಹೊದಿಕೆಯ ಅಂಚನ್ನು ಬೆರಳಿನಿಂದ ಒತ್ತಿದರು. "ಅಕ್ಕಂಗೆ ಇದು ಗೊತ್ತಿತ್ತಾ?"

ಗೊತ್ತಿತ್ತು ಎಂದರೆ, ಗೊತ್ತಿದ್ದೂ ಅಕ್ಕ ಕರೆಯಲಿಲ್ಲ ಎಂದು ಆ ಹೆಂಗಸು ಜೀವಮಾನವಿಡೀ ನೆನೆಯುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪುಸ್ತಕದ ಅಕ್ಕ ಮಾತಾಡಿದರೆ ನಾನೂ ಮಾತಾಡುತ್ತೇನೆ ಎಂದಿದ್ದರು, ಮಡಿಲಲ್ಲಿ ಡೈರಿ ತೆರೆದಿತ್ತು, ನನ್ನ ಅಳು ನೋಡಿ ಮುಚ್ಚಿದರು, ನಾನು ತಿದ್ದಲಿಲ್ಲ. ಹೇಳುವಾಗ ಅವರ ಮುಖ ನೋಡಲು ಧೈರ್ಯವಾಗದೆ ಮಂಚದ ಕಾಲನ್ನು ನೋಡುತ್ತಿದ್ದೆ.

ಅವರು ಬೈಯಲಿಲ್ಲ. "ನಮ್ಮನೆ ನಂಬರು ಅದೇ ಇದ್ದು," ಎಂದರು. "ಹನ್ನೊಂದು ವರ್ಷ ಆದ್ರೂ ಬದಲು ಮಾಡಿದ್ದಿಲ್ಲೆ. ಅಕ್ಕ ಯಾವಾಗಾರೂ ಫೋನು ಮಾಡ್ತೇನ ಹೇಳಿ." ಕನ್ನಡಕ ಮತ್ತೆ ಒರೆಸುತ್ತ, "ಆನಾದ್ರೂ ಒಂದು ಫೋನು ಮಾಡ್ಲಾಗಿತ್ತು" ಎಂದರು.

ಪುಸ್ತಕ ನೀವೇ ಇಟ್ಟುಕೊಳ್ಳಿ ಎಂದೆ. ಬೇಡವೆಂದರು. ಆಮೇಲೆ ಬಾಗಿಲವರೆಗೆ ಬಂದು, ನನ್ನ ಕೈಯಿಂದ ತೆಗೆದುಕೊಂಡರು. ಒಂಬತ್ತನೆಯ ಅಧ್ಯಾಯದ ಟಿಕೆಟ್ಟು ಅದರಲ್ಲೇ ಉಳಿಯಿತು. ಕೊನೆಯ ಪುಟದಲ್ಲಿ ಎರಡು ಊರು.

ಆಮೇಲೆ ಬಹಳ ದಿನ ನಾವಿಬ್ಬರೂ ಪುಸ್ತಕ ಕೊಳ್ಳಲಿಲ್ಲ. ಎರಡನೆಯ ಶನಿವಾರ ಬಂದರೆ ನಾನು ಬನ್ಸಿನ ಹಿಟ್ಟು ಕಲಸುತ್ತಿರಲಿಲ್ಲ. ನಡೆದದ್ದನ್ನೆಲ್ಲ ಭಟ್ಕಳದವಳಿಗೆ ಹೇಳಿದ್ದೆ. ಅವಳು ಮಿಶನ್ ನಿಲ್ಲಿಸಿ, "ಕೊನೆಗೆ ಮಾತಾಡುತ್ತಾರಾ ಅಂತ ನನ್ನನ್ನು ಕೇಳಿದ್ದರು. ನಾನು ಓದಿ ಮುಗಿಸಿದ ವಾರವೇ. ಕಾಯ್ದೆ ನಿಮ್ಮದೇ ಅಲ್ಲವಾ ಅಂತ ನಗೆಯಾಡಿದೆ" ಎಂದಳು.

ಈ ತಿಂಗಳು ನಾನೊಂದು ಕಾದಂಬರಿ ಕೊಂಡು ಅವಳಿಗೆ ಕಳಿಸಿದೆ. ಐದನೆಯ ದಿನ ಫೋನು ಮಾಡಿದಳು.

"ಮುಗಿಯಿತು. ಬಸ್ಸಿನಲ್ಲಿ ಬಂದು ಕೊಡುತ್ತೇನೆ. ಅದಕ್ಕೆ ಮುಂಚೆ ಕೊನೆಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳು."

ನಾನು ಗ್ಯಾಸ್ ಸಣ್ಣ ಮಾಡಿ, ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ಕುಳಿತೆ. "ಹೇಳು," ಎಂದೆ.